ಕಾಡು ಬೆರಿ ಜೆಲ್ಲಿ ಮಾಡುವ ವಿಧಾನ

ಸಕ್ಕರೆಯು 1940ರ ಜನವರಿಯಿಂದ 1953ರ ಸೆಪ್ಟೆಂಬರ್‌ವರೆಗೆ ಪಡಿತರದಲ್ಲಿದ್ದ ಬ್ರಿಟನ್ನಿನಲ್ಲಿ, ಬೇಲಿಸಾಲಿನಲ್ಲಿ ಯಾರೂ ನೆಡದೆ ಬೆಳೆಯುತ್ತಿದ್ದ ಬ್ಲ್ಯಾಕ್‌ಬೆರಿಯು ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಕಾಸಿಲ್ಲದೆ ಸಿಗುತ್ತಿತ್ತು. ಮಕ್ಕಳು ಡಬ್ಬಿ ಹಿಡಿದು ಹೋಗಿ, ಬೆರಳೆಲ್ಲ ನೇರಳೆಯಾಗುವಷ್ಟು ಕೊಯ್ದು ತರುತ್ತಿದ್ದರು. ಸೆಪ್ಟೆಂಬರ್ 29ರ ಮೈಕಲ್‌ಮಸ್ ಎಂಬ ಕ್ರೈಸ್ತ ಹಬ್ಬ ಕಳೆದ ಮೇಲೆ ಸೈತಾನನು ಹಣ್ಣಿನ ಮೇಲೆ ಉಗುಳುತ್ತಾನೆಂಬ ನಂಬಿಕೆ ಅಲ್ಲಿಯದು.

ಅದೇ ಕುಲದ ಮೈಸೂರು ರಾಸ್ಪ್‌ಬೆರಿ ನಮ್ಮ ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಸಿಕ್ಕಿದರೆ, ಕಪ್ಪಗೆ ಮಾಗಿದ್ದನ್ನಷ್ಟೇ ಬಿಡಿಸಿಕೊಳ್ಳಿ. ಬೋರ್ಡೋ ಎಂಬ ಮೈಲುತುತ್ತ-ಸುಣ್ಣದ ಔಷಧಿ ಸಿಂಪಡಿಸಿದ ತೋಟದ ಬೇಲಿಯನ್ನೂ, ಗುರುತು ಸಿಗದ ಹಣ್ಣನ್ನೂ ಮುಟ್ಟಬೇಡಿ.

ಮಾಗಿದ ಹಣ್ಣಿನಲ್ಲಿ ಜೆಲ್ಲಿಯನ್ನು ಗಟ್ಟಿಗೊಳಿಸುವ ಪೆಕ್ಟಿನ್ ಎಂಬ ಅಂಶ ಕಡಿಮೆಯಿರುವುದರಿಂದ ಅಲ್ಲಿನ ಗೃಹಿಣಿಯರು ಹುಳಿ ಸೇಬನ್ನು ಸೇರಿಸುತ್ತಿದ್ದರು. ನಮ್ಮ ಹಿತ್ತಲಿನ ದೋರಗಾಯಿ ಸೀಬೆ ಆ ಕೆಲಸಕ್ಕೆ ಸೊಗಸಾಗಿ ಒದಗುತ್ತದೆಂಬುದು ನನ್ನ ಅಭಿಪ್ರಾಯ. ಒಂದು ಕೆ.ಜಿ. ಹಣ್ಣಿಗೆ ಹೆಚ್ಚಿದ ಸೀಬೆ ಕಾಲು ಕೆ.ಜಿ., ನೀರು 300 ಮಿ.ಲೀ. ಹಾಕಿ, ಹಣ್ಣು ಕರಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿ. ಒಗೆದ ತೆಳು ಪಂಚೆಯಲ್ಲಿ ಕಟ್ಟಿ, ರಾತ್ರಿಯಿಡೀ ಪಾತ್ರೆಯ ಮೇಲೆ ತೂಗುಹಾಕಿ. ಎಷ್ಟೇ ಅವಸರವಿದ್ದರೂ ಹಿಂಡಬಾರದು, ಹಿಂಡಿದರೆ ಜೆಲ್ಲಿ ಕದಡಿದ ಕೆರೆನೀರಿನಂತಾಗುತ್ತದೆ.

ಇಳಿದ ರಸವನ್ನು ಅಳೆದು, 600 ಮಿ.ಲೀ.ಗೆ 450 ಗ್ರಾಂ ಸಕ್ಕರೆ ಮತ್ತು ಒಂದು ನಿಂಬೆಯ ರಸ ಬೆರೆಸಿ. ಸಕ್ಕರೆ ಪೂರ್ತಿ ಕರಗಿದ ಬಳಿಕವೇ ಉರಿ ಹೆಚ್ಚಿಸಿ ಕುದಿಸಬೇಕು. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಹಾಕಿ, ಅದು ತಣಿದ ಮೇಲೆ ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದರೆ ಪಾಕ ಬಂದಿದೆ. ನೊರೆ ತೆಗೆದು, ಕುದಿಸಿ ಒಣಗಿಸಿದ ಬಿಸಿ ಗಾಜಿನ ಬಾಟಲಿಗೆ ತುಂಬಿ. ಅಕ್ಕಿರೊಟ್ಟಿ, ಬೆಣ್ಣೆಯೊಡನೆ ಬಡಿಸಿ.