ನಿಂಫೆನ್‌ಬುರ್ಗ್ ಅರಮನೆಯ ಉದ್ಯಾನವನ್ನು ನೋಡುವ ಬಗೆ

ಮ್ಯೂನಿಕ್ ನಗರದ ನಿಂಫೆನ್‌ಬುರ್ಗ್ ಅರಮನೆಯ ಹಿಂದೆ, ಗೋಡೆಯೊಳಗೆ, ಸುಮಾರು 180 ಹೆಕ್ಟೇರ್ ಹಬ್ಬಿರುವ ಉದ್ಯಾನದಲ್ಲಿ ಎರಡು ಕಾಲದ ಎರಡು ಅಭಿರುಚಿಗಳು ಒಂದರೊಳಗೊಂದು ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡಬೇಕಾದರೆ ಎಲ್ಲಿ ನಿಲ್ಲಬೇಕೆಂಬುದನ್ನು ಅರಿತಿರಬೇಕು.

ಮೊದಲು ಉದ್ಯಾನದ ಕಡೆಯ ಮೆಟ್ಟಿಲುಗಳ ನಟ್ಟನಡುವೆ ನಿಂತು ಪಶ್ಚಿಮಕ್ಕೆ ನೋಡಿ. ಹೂಮಡಿಗಳನ್ನು ದಾಟಿದ ದೃಷ್ಟಿ, ಗೆರೆ ಎಳೆದಂತೆ ನೇರವಾಗಿ ಸಾಗುವ ಕಾಲುವೆಯನ್ನು ಹಿಡಿದು, ಅದರ ತುದಿಯ ಅಮೃತಶಿಲೆಯ ಜಲಪಾತದವರೆಗೂ ಹೋಗುತ್ತದೆ. ಅರಮನೆಯ ಕೆಲಸ 1664ರಲ್ಲಿ ಆರಂಭವಾದರೂ ಈ ನೇರತನವು ಬವೇರಿಯದ ಮ್ಯಾಕ್ಸ್ ಇಮ್ಯಾನ್ಯುಯೆಲ್ ದೊರೆಯ ಫ್ರೆಂಚ್ ಒಲವಿನ ಫಲ. ಡೊಮಿನಿಕ್ ಜಿರಾರ್ ಮತ್ತು ಯೋಸೆಫ್ ಎಫ್ನರ್ 1715ರಿಂದ ಅದಕ್ಕೆ ರೂಪ ಕೊಟ್ಟರು. ಕಾಲುವೆಯ ನೀರು ವ್ಯುರ್ಮ್ ನದಿಯದು.

ಈಗ ನಡುಗೆರೆಯನ್ನು ಬಿಟ್ಟು ಎಡಕ್ಕೆ ತಿರುಗಿ, 1734–1739ರಲ್ಲಿ ಕಟ್ಟಿದ ಅಮಾಲಿಯೆನ್‌ಬುರ್ಗ್ ಎಂಬ ಬೇಟೆಮನೆಯನ್ನು ಹಾದು, ಬಾಡೆನ್‌ಬುರ್ಗ್ ಸ್ನಾನಗೃಹದ ಕೆರೆಯತ್ತ ನಡೆಯಿರಿ. ಸ್ವಲ್ಪ ದೂರದಲ್ಲೇ ಸರಳರೇಖೆ ಕಾಣದಾಗುತ್ತದೆ. ಉದ್ಯಾನ ವಿನ್ಯಾಸಕ ಫ್ರೀಡ್ರಿಖ್ ಲುಡ್ವಿಗ್ ಫಾನ್ ಸ್ಕೆಲ್ 19ನೆಯ ಶತಮಾನದ ಆರಂಭದಲ್ಲಿ ಉದ್ಯಾನವನ್ನು ನಿಸರ್ಗದಂತೆಯೇ ಕಾಣುವ ಇಂಗ್ಲಿಷ್ ಮಾದರಿಗೆ ತಿರುಗಿಸಿದಾಗ ನಡುವಿನ ಕಾಲುವೆಯನ್ನೂ ಹೂಮಡಿಗಳನ್ನೂ ಉಳಿಸಿಕೊಂಡು, ಇಕ್ಕೆಲಗಳ ಕಾಡನ್ನಷ್ಟೇ ಬದಲಿಸಿದನು. ಎಲ್ಲವನ್ನೂ ಅಳಿಸದೆ ಬಿಟ್ಟ ಆ ಸಂಯಮವೇ, ನನ್ನ ಮಟ್ಟಿಗೆ, ಅವನ ಅತ್ಯುತ್ತಮ ಕೆಲಸ.

ದಾರಿಯ ತಿರುವೊಂದರಲ್ಲಿ ನಿಂತು ನೆಲವನ್ನು ಗಮನಿಸಿ. ಸ್ಕೆಲ್ ಕೋಲು ಹಿಡಿದು ತಾನೇ ನಡೆಯುತ್ತ ನೆಲದ ಮೇಲೆಯೇ ರೇಖೆ ಎಳೆಯುವ ಕ್ರಮವನ್ನು ಪಾಲಿಸುತ್ತಿದ್ದನು. ಬಾಗುಗಳು ನಡಿಗೆಗೆ ಹೊಂದಿಕೊಂಡಂತೆ ಅನ್ನಿಸುವುದು ಅದಕ್ಕೇ. ಮರಗಳ ಗುಂಪೊಂದು ಮುಂದಿನ ನೋಟವನ್ನು ಮರೆಮಾಡಿ, ನಾಲ್ಕು ಹೆಜ್ಜೆಗಳ ನಂತರ ನೀರನ್ನು ತೆರೆದು ತೋರಿಸುತ್ತದೆ. ನೋಟ ಉದ್ಯಾನದ ಅಂಚನ್ನು ದಾಟಬೇಕಾದಲ್ಲಿ ಗೋಡೆಯ ಬದಲು ತಗ್ಗಾದ ಕಂದಕವಿದೆ. ಹತ್ತಿರ ಬರುವವರೆಗೂ ಅದು ಕಾಣುವುದಿಲ್ಲ. ಅದರ ಜರ್ಮನ್ ಹೆಸರು 'ಅಹಾ', ನಮ್ಮ ಉದ್ಗಾರದಂತೆಯೇ.

ಮರಳುವಾಗ ಕಾಲುವೆಯ ಬದಿಯ ಪಂಪ್‌ಮನೆಯ ಮುಂದೆ ನಿಂತು ಕಿವಿಗೊಡಿ. ಯೋಸೆಫ್ ಫಾನ್ ಬಾಡರ್ 19ನೆಯ ಶತಮಾನದ ಮೊದಲಲ್ಲಿ ಅಳವಡಿಸಿದ ಪಂಪುಗಳು ನೀರುಚಕ್ರದ ಬಲದಿಂದಲೇ ಇಂದಿಗೂ ಕಾರಂಜಿಗೆ ನೀರೆತ್ತುತ್ತವೆ. ಚಳಿಗಾಲದಲ್ಲಿ ಕಾರಂಜಿ ಚಿಮ್ಮುವುದಿಲ್ಲವಾದ್ದರಿಂದ ಬೇಸಿಗೆಯಲ್ಲಿ ಹೋಗುವುದು ಲೇಸು.