ಕೈಗೆಟುಕುವಷ್ಟು ಹತ್ತಿರ ಕೋತಂಬರಿ, ಕರಿಬೇವು

‘ಕೋತಂಬರಿ ಹಾಕಿ ಹದಿನೈದು ದಿನ ಆಯ್ತು, ಒಂದೂ ಹುಟ್ಟಿಲ್ಲ ನೋಡ್ರಿ’ ಎಂಬ ಮಾತನ್ನು ಹುಬ್ಬಳ್ಳಿ, ಧಾರವಾಡದ ಮನೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ತಪ್ಪು ಹೆಚ್ಚಾಗಿ ಮಣ್ಣಿನದು, ಇಲ್ಲವೇ ಬೀಜ ಹಾಕಿದ ರೀತಿಯದು.

ಮೊದಲು ಮಣ್ಣು. ನಮ್ಮ ಎರೆಮಣ್ಣು ಹತ್ತಿ, ಜೋಳಕ್ಕೆ ಬಂಗಾರ. ಆದರೆ ಕುಂಡಕ್ಕೆ ಅದನ್ನೇ ತುಂಬಿದರೆ ನೀರುಂಡಾಗ ಅಂಟಾಗುತ್ತದೆ, ಒಣಗಿದಾಗ ಬಿರಿದು ಎಳೆ ಬೇರನ್ನು ಹರಿಯುತ್ತದೆ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಹಳೆಯ ತಿಪ್ಪೆಗೊಬ್ಬರ, ಒಂದು ಪಾಲು ಮರಳು ಕಲಸಿ. ಹಸಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆಯಾಗಿ ನಿಲ್ಲಬೇಕು, ಬೆರಳು ತಾಗಿದರೆ ಉದುರಬೇಕು. ಅದು ಹದ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಇನ್ನು ಕೋತಂಬರಿ. ನಾವು ಕಾಳು ಅನ್ನುವುದರೊಳಗೆ ಎರಡು ಬೀಜಗಳಿರುತ್ತವೆ. ಬಟ್ಟೆಯ ಮೇಲೆ ಹರವಿ ಲಟ್ಟಣಿಗೆಯಿಂದ ಹಗುರಾಗಿ ಉರುಳಿಸಿ. ಕಾಳು ಎರಡು ಹೋಳಾದರೆ ಸಾಕು, ನುಚ್ಚಾಗಬಾರದು. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಅರ್ಧ ಇಂಚು ಆಳದಲ್ಲಿ ಸಾಲಾಗಿ ಹಾಕಿ, ಹಸಿ ಗೋಣಿಚೀಲ ಹೊದಿಸಿ. ಎಂಟು-ಹತ್ತು ದಿನಕ್ಕೆ ಮೊಳಕೆ ಕಂಡ ಕೂಡಲೇ ಚೀಲ ತೆಗೆಯಿರಿ. ಮೊದಲ ಜೋಡಿ ಎಲೆ ಹುಲ್ಲಿನ ಹಾಗೆ ಉದ್ದಕ್ಕೆ, ಕಿರಿದಾಗಿ ಬರುತ್ತದೆ. ಕಳೆಯೆಂದು ಕಿತ್ತುಬಿಡಬೇಡಿ, ಕೋತಂಬರಿಯ ಗುರುತಿನ ಎಲೆ ಆಮೇಲೆ ಮೂಡುತ್ತದೆ. ಸುಮಾರು 40 ದಿನಕ್ಕೆ ಕೊಯ್ಲು. ದೀಪಾವಳಿಯಿಂದ ಶಿವರಾತ್ರಿವರೆಗಿನ ತಂಪೇ ಇದಕ್ಕೆ ಒಳ್ಳೆಯದು. ಏಪ್ರಿಲ್ ಬಿಸಿಲಿಗೆ ಸೊಪ್ಪು ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಒಮ್ಮೆಗೇ ಎಲ್ಲ ಹಾಕದೆ 15 ದಿನಕ್ಕೊಂದು ಸಾಲು ಹಾಕಿದರೆ ಮನೆಗೆ ಸಾಲುತ್ತದೆ.

ಮೆಂತೆ ಬಹಳ ಸುಲಭ. ನೆನೆಸಿ ಚೆಲ್ಲಿದರೆ ನಾಲ್ಕೈದು ದಿನಕ್ಕೆ ಹುಟ್ಟಿ, ತಿಂಗಳೊಳಗೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲು ಸಿಗುತ್ತದೆ. ಪುದೀನಾಕ್ಕೆ ಬೀಜವೇ ಬೇಡ. ಸಂತೆಯಿಂದ ತಂದ ಕಟ್ಟಿನಲ್ಲಿ ದಪ್ಪ ಕಡ್ಡಿ ಆರಿಸಿ, ಕೆಳಗಿನ ಎಲೆ ಬಿಡಿಸಿ ನೀರಿನ ಲೋಟದಲ್ಲಿಡಿ. ಬೇರು ಬಂದ ಮೇಲೆ ಬೇರೆಯದೇ ಕುಂಡದಲ್ಲಿ ನೆಡಿ, ಇಲ್ಲವಾದರೆ ಪಕ್ಕದ ಗಿಡದ ಜಾಗವನ್ನೂ ಹಿಡಿಯುತ್ತದೆ.

ಕರಿಬೇವನ್ನು ನೆಲದಲ್ಲೇ ಹಚ್ಚಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯುಡಿ-1, ಡಿಡಬ್ಲ್ಯುಡಿ-2 ತಳಿಗಳು ನಮ್ಮೂರಿನವೇ, ಅಂಥ ಸಸಿ ಸಿಕ್ಕರೆ ಬಿಡಬೇಡಿ. ಒಗ್ಗರಣೆಗೆ ಒಂದೊಂದೇ ಎಲೆ ಹರಿಯುವ ಬದಲು ಟೊಂಗೆಯ ತುದಿ ಮುರಿಯಿರಿ, ಆ ಜಾಗದಿಂದ ಎರಡು ಚಿಗುರು ಬರುತ್ತವೆ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಹತ್ತಿರ ಹೋಗಿ ನೋಡಿ. ಬಹಳ ಸಲ ಅದು ಚಿಟ್ಟೆಯ ಮರಿಹುಳ, ಎಳೆಗಿಡವನ್ನು ನಾಲ್ಕು ದಿನದಲ್ಲಿ ಬೋಳು ಮಾಡುತ್ತದೆ. ಕಡ್ಡಿಯಿಂದ ಎತ್ತಿ ದೂರ ಬಿಡಿ. ಮಕ್ಕಳ ತಟ್ಟೆಗೆ ಹೋಗುವ ಎಲೆಗೆ ಎಣ್ಣೆ-ಔಷಧಿ ಹೊಡೆಯಲೇಬೇಡಿ.