ಮರುಕಳಿಸುವ ನೋವಾದ ಧ್ರುವೀಕೃತ ಬೆಳಕನ್ನು ಅಳೆಯುವ ಕ್ರಮ

ಉತ್ತರ ಕಿರೀಟ ನಕ್ಷತ್ರಪುಂಜದ ಮರುಕಳಿಸುವ ನೋವಾ, ಎಂದರೆ ಮತ್ತೆ ಮತ್ತೆ ಸಿಡಿದು ದಿಢೀರನೆ ಬೆಳಗುವ ನಕ್ಷತ್ರ, ಟಿ ಕರೋನೆ ಬೊರಿಯಾಲಿಸ್ 1866 ಮತ್ತು 1946ರಲ್ಲಿ ಸಿಡಿದಾಗ ಬರಿಗಣ್ಣಿಗೇ ಕಂಡಿತ್ತು. ಇಂಥ ಸ್ಫೋಟದಲ್ಲಿ ಶ್ವೇತಕುಬ್ಜದಿಂದ (ಇಂಧನ ಮುಗಿದು ಕುಗ್ಗಿದ ಪುಟ್ಟ ನಕ್ಷತ್ರದಿಂದ) ಚಿಮ್ಮಿದ ಅನಿಲ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ್ದರೆ, ಎಲೆಕ್ಟ್ರಾನುಗಳಿಂದ ಚದುರಿದ ಬೆಳಕಿನ ಕಂಪನದಿಕ್ಕುಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಅನಿಲ ಒಂದು ಕಡೆಗೆ ಚಾಚಿಕೊಂಡಿದ್ದರೆ ಅಲ್ಪ ಧ್ರುವೀಕರಣ, ಎಂದರೆ ಬೆಳಕಿನ ಕಂಪನ ಒಂದು ದಿಕ್ಕಿಗೆ ವಾಲಿರುವುದು, ಉಳಿಯುತ್ತದೆ. ದೂರದರ್ಶಕದಲ್ಲೂ ಬರೀ ಚುಕ್ಕಿಯಾಗಿರುವ ನೋವಾದ ಆಕಾರವನ್ನು ಹೀಗೆ ತಿಳಿಯಬಹುದೆಂಬುದೇ ಈ ಶ್ರಮಕ್ಕೆ ತಕ್ಕ ಪ್ರತಿಫಲ.

ಕೆಲಸ ಶುರುವಾಗಬೇಕಾದದ್ದು ಮುಂದಿನ ಸ್ಫೋಟಕ್ಕೆ ಮೊದಲೇ. ನಡುವಿನ ಅಂತರತಾರಾ ಧೂಳು ತಾನೂ ಬೆಳಕನ್ನು ಧ್ರುವೀಕರಿಸುತ್ತದೆ. ಆ ಪಾಲು ವರ್ಷಗಟ್ಟಲೆ ಬದಲಾಗದ ಕಾರಣ, ಶಾಂತ ಸ್ಥಿತಿಯ ನಕ್ಷತ್ರವನ್ನೂ ಅದರ ಸನಿಹದಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುವ ಕೆಲವು ನಕ್ಷತ್ರಗಳನ್ನೂ ಈಗಲೇ ಅಳೆದಿಟ್ಟುಕೊಂಡವರಿಗೆ ಮುಂದೆ ಕಳೆಯಬೇಕಾದುದೆಷ್ಟು ಎಂಬುದು ಗೊತ್ತಿರುತ್ತದೆ.

ಕ್ಯಾಮೆರಾದ ಮುಂದೆ ಒಂದೇ ದಿಕ್ಕಿನ ಕಂಪನವನ್ನು ಬಿಡುವ ರೇಖೀಯ ಪೋಲರಾಯ್ಡ್ ಶೋಧಕವನ್ನಿಟ್ಟು (ಫಿಲ್ಟರ್) 0, 45, 90, 135 ಡಿಗ್ರಿಗಳಲ್ಲಿ ಚಿತ್ರ ತೆಗೆಯುವುದು ಸರಳ ವಿಧಾನ. 0 ಮತ್ತು 90ರ ಬೆಳಕಿನ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಕ್ಯೂ, 45 ಮತ್ತು 135ರದ್ದನ್ನು ಹಾಗೆಯೇ ಭಾಗಿಸಿದರೆ ಯು ಸಿಗುತ್ತದೆ. ಇವೆರಡರ ವರ್ಗಗಳ ಮೊತ್ತದ ವರ್ಗಮೂಲವೇ ಒಟ್ಟು ಧ್ರುವೀಕರಣ. ಎರಡು ಚಿತ್ರಗಳ ನಡುವೆ ತೆಳುಮೋಡ ಹಾದರೂ ಲೆಕ್ಕ ಕೆಡುವುದರಿಂದ, ಪರಸ್ಪರ ಲಂಬವಾಗಿ ಕಂಪಿಸುವ ಎರಡೂ ಕಿರಣಗಳನ್ನು ಏಕಕಾಲಕ್ಕೆ ಬೇರ್ಪಡಿಸುವ ಪ್ರಿಸಮ್ ಮತ್ತು ಕಂಪನದಿಕ್ಕನ್ನು ಹೊರಳಿಸುವ, ತಿರುಗುವ ಅರ್ಧತರಂಗ ಫಲಕ ಇದ್ದರೆ ಅದನ್ನೇ ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಶೇಕಡಾ 0.1ರ ನಿಖರತೆಗೆ ಸುಮಾರು ಹತ್ತು ಲಕ್ಷ ಫೋಟಾನುಗಳು (ಬೆಳಕಿನ ಕಣಗಳು) ಬೇಕು. ಎರಡನೇ ಕಾಂತಿಮಾನದ, ಎಂದರೆ ಸುಮಾರು ಧ್ರುವನಕ್ಷತ್ರದಷ್ಟು ಬೆಳಗುವ, ನಕ್ಷತ್ರದಲ್ಲಿ ಬೆಳಕಿಗೇನೂ ಕೊರತೆಯಿಲ್ಲ, ಆದರೆ ಪಿಕ್ಸೆಲ್ ತುಂಬಿ ಹರಿಯುತ್ತದೆ. ಆದ್ದರಿಂದ ಬಿಂಬವನ್ನು ತುಸು ಮಸುಕಾಗಿಸಿ, ಚಿಕ್ಕ ಅವಧಿಯ ಹಲವು ಚಿತ್ರಗಳನ್ನು ತೆಗೆದು ಕೂಡಿಸಬೇಕು. ಹೈಡ್ರೋಜನ್ ಸೂಸುವ ಕೆಂಪು ಬೆಳಕಿನ ರೇಖೆ ಪ್ರಬಲವಾಗಿದ್ದು ಅಳತೆಯನ್ನು ಕೆಡಿಸಬಹುದಾದ್ದರಿಂದ ಕೆಂಪು ಶೋಧಕವೊಂದನ್ನೇ ನಂಬದೆ ಹಸಿರು ಮತ್ತು ನೀಲಿಯಲ್ಲೂ ಅಳೆಯುವುದು ಒಳ್ಳೆಯದು. ಬೆಳದಿಂಗಳ ಆಕಾಶ ತಾನೇ ಧ್ರುವೀಕೃತವಾಗಿರುತ್ತದೆ, ಹಾಗಾಗಿ ಹಿನ್ನೆಲೆಯನ್ನು ಪ್ರತಿ ಚಿತ್ರದಲ್ಲೂ ಬೇರೆಯಾಗಿ ಕಳೆಯಬೇಕು. ಉಪಕರಣದ ದೋಷಕ್ಕೆ ಎಚ್‌ಡಿ 212311ರಂಥ ಧ್ರುವೀಕರಣವಿಲ್ಲದ ನಕ್ಷತ್ರವನ್ನೂ, ಕೋನದ ಸೊನ್ನೆಯನ್ನು ಗೊತ್ತುಮಾಡಲು ಎಚ್‌ಡಿ 154445ರಂಥ ಧ್ರುವೀಕೃತ ಮಾನಕವನ್ನೂ ಅದೇ ರಾತ್ರಿ ಅಳೆಯಬೇಕು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಕಳೆಯುವ ಲೆಕ್ಕದಲ್ಲಿ. ಒಟ್ಟು ಧ್ರುವೀಕರಣದ ಶೇಕಡಾವಾರನ್ನು ಶೇಕಡಾವಾರಿನಿಂದ ಕಳೆಯಬಾರದು. ಕ್ಯೂನಿಂದ ಕ್ಯೂ, ಯುನಿಂದ ಯು ಕಳೆಯಬೇಕು. ಶೇಕಡಾ ಲೆಕ್ಕದಲ್ಲಿ ಧೂಳಿನ ಪಾಲು ಕ್ಯೂ +0.5, ಯು 0 ಎಂದೂ, ಸ್ಫೋಟದ ರಾತ್ರಿ ಅಳೆದದ್ದು ಕ್ಯೂ 0, ಯು +0.5 ಎಂದೂ ಇಟ್ಟುಕೊಳ್ಳೋಣ. ಎರಡು ಸಲವೂ ಧ್ರುವೀಕರಣ ಶೇಕಡಾ 0.5, ಏನೂ ಆಗಿಲ್ಲವೆಂದೇ ತೋರುತ್ತದೆ. ಕಳೆದು ನೋಡಿದರೆ ಉಳಿಯುವುದು ಕ್ಯೂ −0.5, ಯು +0.5, ಎಂದರೆ ನೋವಾದ ಸ್ವಂತ ಧ್ರುವೀಕರಣ ಸುಮಾರು ಶೇಕಡಾ 0.7, ಕೋನ 67.5 ಡಿಗ್ರಿ.

ಟಿ ಕರೋನೆ ಬೊರಿಯಾಲಿಸ್ ಬರಿಗಣ್ಣಿಗೆ ಕಾಣುವುದು ವಾರದ ಮಟ್ಟಿಗೆ ಮಾತ್ರ. ಮೊದಲ ದಿನಗಳಲ್ಲಿ ಸಾಧ್ಯವಾದರೆ ರಾತ್ರಿಗೆರಡು ಸರಣಿ ತೆಗೆದು, ಪ್ರತಿ ಚಿತ್ರಕ್ಕೂ ಸಮಯ, ಶೋಧಕ ಮತ್ತು ಕೋನವನ್ನು ಬರೆದಿಟ್ಟು, ನೋವಾ ಪೂರ್ತಿ ತಣಿದ ಮೇಲೆ ಅದೇ ಉಪಕರಣದಿಂದ ಮತ್ತೊಮ್ಮೆ ಅಳೆದು ಧೂಳಿನ ಪಾಲನ್ನು ತಾಳೆ ನೋಡಬೇಕು.